ಆರು ದಿನ, ಐದು ಪಂದ್ಯ: ಅಚ್ಚಿನ ತಪ್ಪಲ್ಲ

ಶಿರಸಿಯ ಓದುಗರೊಬ್ಬರ ಪತ್ರ: “1899ರಲ್ಲಿ ಅಮೆರಿಕದ ಸುವಾನಿ ಕಾಲೇಜು ಆರು ದಿನದಲ್ಲಿ ಐದು ಫುಟ್‌ಬಾಲ್ ಪಂದ್ಯ ಗೆದ್ದಿತು, ಆ ಸೀಸನ್ನಿನಲ್ಲಿ 322 ಅಂಕ ಹೊಡೆದು ಬರೀ 10 ಬಿಟ್ಟುಕೊಟ್ಟಿತು ಅಂತ ಕಳೆದ ಸಂಚಿಕೆಯಲ್ಲಿ ಹಾಕಿದ್ದೀರಿ. 322 ಗೋಲಾ ಸ್ವಾಮೀ? ಇದು ಅಚ್ಚಿನ ತಪ್ಪೋ, ನಮ್ಮ ಕಿವಿಗೆ ಹೂವೋ?”

ತಪ್ಪು ನಮ್ಮದೇ, ಆದರೆ ಅಂಕಿಯಲ್ಲಲ್ಲ. ‘ಅಮೆರಿಕನ್ ಫುಟ್‌ಬಾಲ್’ ಅಂತ ಇರಬೇಕಿತ್ತು. ಸಾಲು ಉದ್ದವಾಯಿತೆಂದು ಮೊದಲ ಪದ ಹೊಡೆದು ಹಾಕಿದವನು ನಾನು. ಅದು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಿದ್ದವರನ್ನು ಗುದ್ದಿಕೊಂಡು ನುಗ್ಗುವ ಆಟ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್. ಆಗ ಒಂದು ಟಚ್‌ಡೌನ್‌ಗೆ 5 ಅಂಕ. ಪಂದ್ಯ 12, ಹನ್ನೆರಡೂ ಗೆಲುವು. ಈಗ 322 ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ?

ವಿಚಿತ್ರ ಇರುವುದು ಆ ಆರು ದಿನದಲ್ಲಿ. ಸುವಾನಿ ಟೆನೆಸಿಯ ಬೆಟ್ಟದ ಮೇಲಿನ ಪುಟ್ಟ ಕಾಲೇಜು. ಟಿಕೆಟ್ ಹಣ ಹಂಚಿಕೊಳ್ಳುವುದರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಜಗಳವಾಗಿ ಆ ವರ್ಷ ಅವರ ಜೊತೆಗಿನ ಪಂದ್ಯವೇ ತಪ್ಪಿತು. ಕೈತಪ್ಪಿದ ದುಡ್ಡನ್ನು ಎಲ್ಲಾದರೂ ಹುಟ್ಟಿಸಬೇಕಲ್ಲ? ತಂಡದ ಮ್ಯಾನೇಜರ್ ಆಗಿದ್ದ ವಿದ್ಯಾರ್ಥಿ ಲ್ಯೂಕ್ ಲೀ ಒಂದೇ ರೈಲು ಪ್ರಯಾಣಕ್ಕೆ ಐದು ಪಂದ್ಯ ಪೋಣಿಸಿದ. ಹೋಗಿಬರುವ ದಾರಿ ಸುಮಾರು 2,500 ಮೈಲಿ. ಜನ ಇದನ್ನು ವೀರಗಾಥೆ ಅಂತ ಹೇಳುತ್ತಾರೆ. ನನಗಂತೂ ಇದು ಮೊದಲಿಗೆ ಖರ್ಚುವೆಚ್ಚದ ಲೆಕ್ಕ.

ಹೊರಟವರು 21 ಆಟಗಾರರು. ಹೊರ ಊರಿನ ನೀರು ಒಗ್ಗದಿದ್ದರೆ ಅಂತ ಊರಿನ ಬುಗ್ಗೆ ನೀರನ್ನು ಪೀಪಾಯಿಗಳಲ್ಲಿ ತುಂಬಿಕೊಂಡರು. ನೀರು ರೈಲು ಹತ್ತಿತು, ಆಟದ ಶೂಗಳು ಊರಲ್ಲೇ ಉಳಿದವು! ಅವನ್ನು ಹಿಂದಿನಿಂದ ಬೇರೆ ರೈಲಿನಲ್ಲಿ ತರಿಸಿಕೊಳ್ಳಬೇಕಾಯಿತು ಅನ್ನುತ್ತಾರೆ.

ನವೆಂಬರ್ 9, ಆಸ್ಟಿನ್: ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ 12-0. ನಾಯಕ ಸೀಬೆಲ್ಸ್ ತಲೆ ಒಡೆದುಕೊಂಡರೂ ಮೈದಾನ ಬಿಡಲಿಲ್ಲ. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10-0, ಅದರ ಮರುದಿನ ನ್ಯೂ ಓರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23-0. ಭಾನುವಾರ ಆಟವಿಲ್ಲ, ಚರ್ಚಿನ ಕಾಲೇಜು ನೋಡಿ. ಸೋಮವಾರ ಲೂಯಿಸಿಯಾನ 34-0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ 12-0. ಐದೂ ಕಡೆ ಎದುರಾಳಿಗೆ ಸೊನ್ನೆ. ಆಗಿನ ನಿಯಮದಲ್ಲಿ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿರಲಿಲ್ಲ. ಹಾಗಾಗಿ ಗಾಯವಾದರೂ ಹಲ್ಲು ಕಚ್ಚಿಕೊಂಡು ಆಡಬೇಕಿತ್ತು.

ಇನ್ನು ಆ 10. ಅಷ್ಟನ್ನೂ ಗಳಿಸಿದ್ದು ಆಬರ್ನ್ ಕಾಲೇಜು ಒಂದೇ, ನವೆಂಬರ್ 30ರಂದು. ಸುವಾನಿ ಗೆದ್ದಿದ್ದು 11-10ರಿಂದ, ಕೂದಲೆಳೆಯಲ್ಲಿ. ಆಬರ್ನ್ ಕೋಚ್ ಜಾನ್ ಹೈಸ್ಮನ್. ಇವತ್ತು ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿ ಇರುವುದು ಅವನ ಹೆಸರಿನಲ್ಲೇ.

ಅಂದಹಾಗೆ, ಲ್ಯೂಕ್ ಲೀ ಮುಂದೆ ಸೆನೆಟರ್ ಆದ. 1919ರ ಜನವರಿಯಲ್ಲಿ ಕೆಲವು ಸೈನಿಕರನ್ನು ಕಟ್ಟಿಕೊಂಡು ನೆದರ್ಲೆಂಡ್ಸ್‌ಗೆ ಹೋಗಿ, ಅಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರನನ್ನು ಹಿಡಿದು ತರಲು ನೋಡಿದ. ಬರಿಗೈಲಿ ವಾಪಸಾದ. ಇದೂ ಅಚ್ಚಿನ ತಪ್ಪಲ್ಲ.