ಮನೆಯಲ್ಲಿ ಬೇಡ ಅಂದರೆ ಗೆಳೆಯನ ಬೈಕು ಇದ್ದೇ ಇದೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಗನಿಗೆ ಈಗಷ್ಟೇ 18 ತುಂಬಿದೆ. ಕೆಂಗೇರಿ ಕಡೆ ಎಂಜಿನಿಯರಿಂಗ್ ಕಾಲೇಜು. 350 ಸಿಸಿ ಬೈಕೇ ಬೇಕು ಅಂತ ಹಟ. ಅವರಪ್ಪ ‘ನಾನಿರುವವರೆಗೂ ಈ ಮನೆಗೆ ಬೈಕು ಬರಲ್ಲ’ ಅಂತಾರೆ. ಮೊನ್ನೆ ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಇವನು ಯಾರದೋ ಬೈಕು ಓಡಿಸುತ್ತಿದ್ದುದನ್ನು ಪಕ್ಕದ ಮನೆಯವರು ನೋಡಿದರಂತೆ. ತಲೆಗೆ ಹೆಲ್ಮೆಟ್ಟೂ ಇರಲಿಲ್ಲವಂತೆ. ಯಜಮಾನರಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?
– ಗೃಹಿಣಿ, ವಿಜಯನಗರ

ಉತ್ತರ: ಮೊದಲು ಯಜಮಾನರಿಗೆ ಹೇಳಿ. ನಿಮ್ಮ ಮನೆಗೆ ಬೈಕು ಆಗಲೇ ಬಂದಿದೆ, ಗೇಟಿನ ಒಳಗೆ ನಿಂತಿಲ್ಲ ಅಷ್ಟೆ. ಈಗ ಇರುವ ಆಯ್ಕೆ ಬೈಕು ಬೇಕೋ ಬೇಡವೋ ಎಂಬುದಲ್ಲ. ನಿಮ್ಮ ಕಣ್ಣೆದುರಿನ ಬೈಕೋ, ಕದ್ದು ಓಡಿಸುವ ಬೈಕೋ ಎಂಬುದು.

ಎರಡರಲ್ಲಿ ಗೆಳೆಯನ ಬೈಕೇ ಹೆಚ್ಚು ಅಪಾಯ. ಆ ಗಾಡಿಯ ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಒತ್ತಿದರೆ ನಿಲ್ಲುತ್ತದೆ ಎಂಬುದು ಕೈಗೆ ಗೊತ್ತಿರುವುದಿಲ್ಲ. ಟೈರ್ ಸವೆದಿದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಮನೆಯಿಂದ ಹೆಲ್ಮೆಟ್ ಹಿಡಿದು ಹೊರಟರೆ ಸಿಕ್ಕಿಬೀಳುತ್ತೇನೆಂದು ಬರಿತಲೆಯಲ್ಲೇ ಹೋಗುತ್ತಾನೆ. ಬಿದ್ದು ಮಂಡಿ ತರಚಿದರೆ ‘ಫುಟ್‌ಬಾಲ್ ಆಡುವಾಗ’ ಅನ್ನುತ್ತಾನೆ. ವಿಮೆಯ ಕಥೆ ಇನ್ನೂ ಕೆಟ್ಟದ್ದು. ಪಾಲಿಸಿಯಲ್ಲಿ ಬರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ಡಿಎಲ್ ಹೊಂದಿರುವ ‘ಮಾಲೀಕ-ಚಾಲಕ’ರಿಗೆ, ಅಂದರೆ ಆರ್‌ಸಿಯಲ್ಲಿ ಹೆಸರಿರುವವರಿಗೆ. ಎರವಲು ಗಾಡಿ ಓಡಿಸಿ ಬಿದ್ದವನಿಗೆ ಅದು ಸಿಗುವುದಿಲ್ಲ. ಈ ಮಾತು ಅಪ್ಪನ ಹೆಸರಿನಲ್ಲಿರುವ ಗಾಡಿಗೂ ಅನ್ವಯಿಸುತ್ತದೆ. ಬಹಳ ಮನೆಗಳಲ್ಲಿ ಇದು ಗೊತ್ತೇ ಇಲ್ಲ. ಒಂದೋ ಗಾಡಿ ಮಗನ ಹೆಸರಿಗೇ ಇರಲಿ, ಇಲ್ಲವೇ ಅವನ ಹೆಸರಿನಲ್ಲಿ ಬೇರೆಯೇ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ.

ಇನ್ನು 350 ಸಿಸಿ. ಆ ವರ್ಗದ ಬೈಕುಗಳ ತೂಕ ಸುಮಾರು 180ರಿಂದ 195 ಕಿಲೋ. ಸಿಗ್ನಲ್‌ನಲ್ಲಿ ಒಂದು ಕಾಲು ಗುಂಡಿಗೆ ಬಿದ್ದು ಗಾಡಿ ವಾಲಿದರೆ ಹೊಸಬನ ಕೈಯಲ್ಲಿ ನಿಲ್ಲುವುದಿಲ್ಲ. ಹಾಗಂತ 100 ಸಿಸಿಗೆ ಇಳಿಸಿ ಎಂದೂ ಹೇಳುವುದಿಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಗಿದೆ, ಅದಕ್ಕಿಂತ ಚಿಕ್ಕವಕ್ಕೆ ಬರೀ ಕಾಂಬಿ ಬ್ರೇಕ್ (ಒಂದನ್ನು ಹಿಡಿದರೆ ಎರಡೂ ಚಕ್ರಕ್ಕೆ ಬೀಳುವ ಬ್ರೇಕ್) ಇದ್ದರೂ ಸಾಕಾಗಿತ್ತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಕಚ್ಚಿ ಹಿಡಿಯುವುದು ಹೊಸಬರು ಬೀಳುವ ಮುಖ್ಯ ಕಾರಣಗಳಲ್ಲಿ ಒಂದು. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದೇ ಎಬಿಎಸ್‌ನ ಕೆಲಸ. ಆದ್ದರಿಂದ ಎಬಿಎಸ್ ಇರುವ 150–160 ಸಿಸಿ ಬೈಕು, 140–145 ಕಿಲೋ ಆಸುಪಾಸಿನದು, ನಮ್ಮ ಆಯ್ಕೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಅದೇ ದಿನಾಂಕದ ನಂತರ ತಯಾರಾದದ್ದಿರಲಿ. 350ರ ಮಾತು ಎರಡು ವರ್ಷ ಬಿಟ್ಟು ಎಂದು ಈಗಲೇ ಹೇಳಿಬಿಡಿ. ‘ಬೇಡ’ಕ್ಕಿಂತ ‘ಇಂಥ ದಿನ’ ಎಂಬುದನ್ನು ಮಕ್ಕಳು ಒಪ್ಪುತ್ತಾರೆ.

ಅವನಿಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಆಗಿದೆಯೇ ಕೇಳಿ. ಅದರ ಅವಧಿ 6 ತಿಂಗಳು, ಡಿಎಲ್ ಪರೀಕ್ಷೆಗೆ ಹೋಗಲು 30 ದಿನ ಕಳೆದಿರಬೇಕು. ಆ ಅವಧಿಯಲ್ಲಿ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಡಿಎಲ್ ಬಂದ ಮೇಲೂ ಮೊದಲ ಮೂರು ತಿಂಗಳು ಇದೇ ನಿಯಮವನ್ನು ಮನೆಯ ನಿಯಮವಾಗಿ ಮುಂದುವರಿಸಿ: ಡಬಲ್ಸ್ ಇಲ್ಲ, ರಾತ್ರಿ 9ರ ನಂತರ ಇಲ್ಲ, ಮಳೆ ಬಂದರೆ ಮೆಟ್ರೊ. ನಿಮಗಂತೂ ವಿಜಯನಗರದಿಂದ ನೇರಳೆ ಮಾರ್ಗ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೂ ಇದೆ. ‘ಆವತ್ತು ಮಳೆ, ಹೇಗೆ ಹೋಗಲಿ’ ಅನ್ನಲು ಜಾಗವೇ ಇಲ್ಲ.

ಬೈಕು ಮನೆಗೆ ಬಂದ ಮೊದಲ ನಾಲ್ಕು ಭಾನುವಾರ ಅಪ್ಪ-ಮಗ ಜೊತೆಗೆ ಹೋಗಲಿ. ಗಾಡಿ ಓಡಾಡದ ಖಾಲಿ ಮೈದಾನ ಸಾಕು. ಸುಣ್ಣದಲ್ಲಿ ಒಂದು ಗೆರೆ ಹಾಕಿ, ಆ ಗೆರೆ ಮುಟ್ಟಿದಾಗ ಬ್ರೇಕ್. ಮೊದಲು 20 ಕಿ.ಮೀ. ವೇಗದಲ್ಲಿ, ಆಮೇಲೆ 30, ಆಮೇಲೆ 40. ಪ್ರತಿ ವೇಗಕ್ಕೂ ಹತ್ತು ಸಲ. ಎರಡೂ ಬ್ರೇಕ್ ಒಟ್ಟಿಗೆ ಬರಬೇಕು. ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಹಂತಹಂತವಾಗಿ ಹಿಂಡಬೇಕು, ಒಮ್ಮೆಲೇ ಜಗ್ಗಬಾರದು. ಬ್ರೇಕ್ ಹಾಕಿದಾಗ ತೂಕವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇರುವುದು. ‘ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ’ ಎಂದು ಹಿರಿಯರು ಹೇಳಿಕೊಟ್ಟ ಪಾಠವೇ ಎಷ್ಟೋ ಗುದ್ದುಗಳಿಗೆ ಕಾರಣ.

ಲೆಕ್ಕ ಹೀಗಿದೆ. 40ರ ವೇಗದಲ್ಲಿ ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 11 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೆ ಇನ್ನೊಂದು 9 ಮೀಟರ್, ಒಟ್ಟು 20. 60ರಲ್ಲಿ ಇದು 17 ಮತ್ತು 20, ಒಟ್ಟು 37 ಮೀಟರ್. ವೇಗ ಒಂದೂವರೆ ಪಟ್ಟು, ದೂರ ಹೆಚ್ಚುಕಮ್ಮಿ ಇಮ್ಮಡಿ. 60ರಲ್ಲಿ ಹಿಂದಿನ ಬ್ರೇಕ್ ಮಾತ್ರ ತುಳಿದರೆ ಆ 20 ಮೀಟರ್ 40 ಆಗುತ್ತದೆ. ಈ ಅಂಕಿಗಳನ್ನು ಹೇಳಿ ಭಾಷಣ ಮಾಡುವ ಬದಲು ಮೈದಾನದಲ್ಲಿ ಹೆಜ್ಜೆ ಹಾಕಿ ಅಳೆದು ತೋರಿಸಿ.

ಮೈದಾನದ ನಂತರ ಕಾಲೇಜಿನ ದಾರಿ. ಬೆಂಗಳೂರಿನಲ್ಲಿ ಹೊಸಬರನ್ನು ಕೆಡವುವುದು ವೇಗವೊಂದೇ ಅಲ್ಲ. ವೈಟ್‌ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಕೆ) ಮಾಡಿದ ಕಡೆ ಕಾಂಕ್ರೀಟ್ ಅಂಚು ಪಕ್ಕದ ಡಾಂಬರಿಗಿಂತ ಎತ್ತರ ಇರುತ್ತದೆ. ಅದರ ಉದ್ದಕ್ಕೂ ಓಡಿಸುತ್ತಾ ಓರೆಯಾಗಿ ಹತ್ತಲು ಹೋದರೆ ಟೈರ್ ಅಂಚಿಗೆ ಸಿಕ್ಕಿ ಜಾರುತ್ತದೆ. ನಿಧಾನ ಮಾಡಿ ಆದಷ್ಟು ನೇರವಾಗಿ ಅಡ್ಡ ದಾಟಬೇಕು. ಬೇಸಿಗೆಯ ಮೊದಲ ಮಳೆಯಲ್ಲಿ ರಸ್ತೆ ಮೇಲಿನ ಎಣ್ಣೆ, ಧೂಳು ಕಲೆತು ಸೋಪಿನಂತಾಗುತ್ತದೆ. ಮೊದಲ ಅರ್ಧ ಗಂಟೆ ಎಲ್ಲಾದರೂ ನಿಂತುಬಿಡುವುದೇ ಜಾಣತನ. ಮರದಡಿ ಉದುರಿದ ಹೂವು, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೊ ಕಾಮಗಾರಿಯ ಕಬ್ಬಿಣದ ಹಾಳೆ ಇವೆಲ್ಲ ಒದ್ದೆಯಾದಾಗ ಅಲ್ಲಿ ಬ್ರೇಕೂ ಹಾಕಬಾರದು, ಹ್ಯಾಂಡಲ್ಲೂ ತಿರುಗಿಸಬಾರದು. ಬಿಎಂಟಿಸಿ ಬಸ್ಸಿನ ಎಡಕ್ಕೆ ನುಗ್ಗುವುದಂತೂ ಕೂಡದು. ಸ್ಟಾಪು ಬಂತೆಂದು ಬಸ್ಸು ಎಡಕ್ಕೆ ಒತ್ತಿದರೆ ನಡುವೆ ಸಿಕ್ಕವನು ಡ್ರೈವರಿಗೆ ಕಾಣುವುದೇ ಇಲ್ಲ.

ಯಜಮಾನರಿಗೆ ಒಂದು ಮಾತು: ನೀವು ಸ್ಕೂಟರ್‌ನಲ್ಲಿ ಹಾಲಿಗೆ ಹೋಗುವಾಗ ಹೆಲ್ಮೆಟ್ಟನ್ನು ಕನ್ನಡಿಗೆ ನೇತು ಹಾಕಿ ಹೋಗುತ್ತಿದ್ದರೆ ಮೇಲಿನದ್ಯಾವುದನ್ನೂ ಹೇಳುವ ಕಷ್ಟ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಮಗಳಿಗೆ 16. ಟ್ಯೂಷನ್ ಮನೆಯಿಂದ ಎರಡೇ ಕಿ.ಮೀ. ನಮ್ಮ ಬೀದಿಯಲ್ಲಿ ಅವಳ ವಯಸ್ಸಿನವರೆಲ್ಲ ಸ್ಕೂಟಿ ಓಡಿಸುತ್ತಾರೆ. ಒಳರಸ್ತೆಯಲ್ಲಿ ಪೊಲೀಸರೂ ಇರುವುದಿಲ್ಲ. ಕೊಡಬಹುದೇ?
– ತಂದೆ, ಯಲಹಂಕ

ಉತ್ತರ: ಕೊಡಬೇಡಿ. 16ಕ್ಕೆ ಕಾನೂನು ಬಿಡುವುದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಬೀದಿಯ ಸ್ಕೂಟಿಗಳು 110, 125 ಸಿಸಿಯವು. 2019ರಲ್ಲಿ ಸೇರಿದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ‘ನನಗೆ ಗೊತ್ತಿರಲಿಲ್ಲ’ ಎಂದರೆ ಅದನ್ನು ರುಜುವಾತು ಮಾಡಬೇಕಾದವರು ನೀವೇ. ನಿಮ್ಮ ಒಪ್ಪಿಗೆ ಇತ್ತೆಂದೇ ಕೋರ್ಟು ಭಾವಿಸುತ್ತದೆ. ಮಗಳಿಗೆ ಆಗುವ ನಷ್ಟವನ್ನು ಅವಳಿಗೇ ಹೇಳಿ ನೋಡಿ: 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ. ಜೈಲಿಗಿಂತ ಹದಿಹರೆಯದವರಿಗೆ ಇದು ಬೇಗ ನಾಟುತ್ತದೆ.

ಯಾರಿಗಾದರೂ ಗುದ್ದಿದರೆ, ಲೈಸೆನ್ಸ್ ಇಲ್ಲದ ಕಾರಣ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕಟ್ಟಿದರೂ ಆ ಹಣವನ್ನು ನಿಮ್ಮಿಂದ ವಸೂಲಿ ಮಾಡಬಹುದು.

ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಗಾಡಿ ಇದೆಯಲ್ಲ ಅಂತೀರಿ. ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ, ನಿಜ. ಆದರೆ ವೈರ್ ಒಂದನ್ನು ಕಿತ್ತು ‘ಸ್ಪೀಡ್ ಲಾಕ್ ತೆಗೆಸಿಕೊಡ್ತೀವಿ’ ಅನ್ನುವವರಿದ್ದಾರೆ. ತೆಗೆಸಿದ ಕ್ಷಣಕ್ಕೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಗಾಡಿ. ಎರಡು ಕಿ.ಮೀ.ಗೆ ಸೈಕಲ್ ಸಾಕು. ಅದೇ ಅವಳಿಗೆ ರಸ್ತೆ ಓದುವುದನ್ನೂ ಕಲಿಸುತ್ತದೆ.

ಪ್ರಶ್ನೆ: ಅಣ್ಣನಿಗೆ ಡಿಗ್ರಿ ಮೊದಲ ವರ್ಷದಲ್ಲೇ ಬೈಕು ಕೊಡಿಸಿದರು. ನನಗೆ 21, ಕೆಲಸಕ್ಕೆ ಸೇರಿದ್ದೇನೆ, ನನ್ನ ಸಂಬಳದಲ್ಲೇ ಬೈಕು ತಗೋತೀನಿ ಅಂದರೂ ‘ಹೆಣ್ಣುಮಗಳಿಗೆ ಸ್ಕೂಟಿಯೇ ಸೇಫು’ ಅಂತ ಅಮ್ಮ. ನಿಜವೇ?
– ಓದುಗಳು, ಹನುಮಂತನಗರ

ಉತ್ತರ: ನಮ್ಮ ಗುಂಡಿಗಳ ಮಟ್ಟಿಗೆ ಹೇಳುವುದಾದರೆ ಅಮ್ಮನ ಮಾತು ತಿರುಗುಮುರುಗು. ಸ್ಕೂಟರ್ ಚಕ್ರ 10 ಅಥವಾ 12 ಇಂಚು, ಬೈಕಿನದು 17 ಅಥವಾ 18. ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತದೆ, ದೊಡ್ಡದು ಅದೇ ಗುಂಡಿಯನ್ನು ದಾಟಿಕೊಂಡು ಹೋಗುತ್ತದೆ. ಸ್ಕೂಟರ್‌ಗೆ ಇರುವ ಅನುಕೂಲ ಬೇರೆ: ತೂಕ ಕಡಿಮೆ, ಗೇರಿನ ತಲೆಬಿಸಿಯಿಲ್ಲ, ಮಾರ್ಕೆಟ್ಟಿನ ಚೀಲ ಇಡಲು ಜಾಗವಿದೆ.

ಷೋರೂಮಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಮುಂಗಾಲು ಗಟ್ಟಿಯಾಗಿ ನೆಲಕ್ಕೆ ತಾಗಬೇಕು. 780–800 ಮಿ.ಮೀ. ಎತ್ತರದ ಸೀಟು ಸುಮಾರು ಐದಡಿ ಎರಡು ಇಂಚಿನವರಿಗೆ ಹೊಂದುತ್ತದೆ. ಸೈಡ್ ಸ್ಟ್ಯಾಂಡಿನಿಂದ ಎತ್ತಿ ನಿಲ್ಲಿಸಿ, ಕೂತಲ್ಲಿಂದಲೇ ಎರಡು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಆಯ್ತು ಅಂದರೆ ಆಯ್ತು. ನಿಮ್ಮ ಡಿಎಲ್ ಗೇರ್ ಇಲ್ಲದ ಗಾಡಿಗೆ ಮಾತ್ರ ಇದ್ದರೆ, ಬೈಕ್ ಬುಕ್ ಮಾಡುವ ಮೊದಲು ಗೇರ್ ಬೈಕಿನ ವರ್ಗ ಸೇರಿಸಿಕೊಳ್ಳಿ. ದುಪಟ್ಟಾ, ಸೀರೆಯ ಸೆರಗು ಚೈನಿಗೆ ಸಿಕ್ಕಿ ಆಗುವ ಅನಾಹುತದ ಬಗ್ಗೆ ಅಮ್ಮನ ಭಯ ಮಾತ್ರ ಸುಳ್ಳಲ್ಲ. ಮುಂದೆ ಕೂತವರಿಗಿಂತ ಹಿಂದೆ ಕೂರುವವರಿಗೇ ಅದು ಹೆಚ್ಚು. ಹಿಂದಿನ ಚಕ್ರದ ಪಕ್ಕ ಬಟ್ಟೆ ಸಿಗದಂತೆ ಹಾಕಿರುವ ಸಾರಿ ಗಾರ್ಡ್ ಬಿಚ್ಚಿಸಬೇಡಿ.

ಪ್ರಶ್ನೆ: ಮೊಮ್ಮಗನಿಗೆ ಹೆಲ್ಮೆಟ್ ಉಡುಗೊರೆ ಕೊಡಬೇಕೆಂದಿದ್ದೇನೆ. ರಸ್ತೆಬದಿಯದಕ್ಕೂ ಅಂಗಡಿಯದಕ್ಕೂ ಅಷ್ಟೊಂದು ವ್ಯತ್ಯಾಸವಿದೆಯೇ?
– ನಿವೃತ್ತ ಶಿಕ್ಷಕರು, ಮಲ್ಲೇಶ್ವರ

ಉತ್ತರ: ಇದೆ, ಆದರೆ ಉಡುಗೊರೆಯಾಗಿ ತಂದು ಕೊಡಬೇಡಿ, ಮೊಮ್ಮಗನನ್ನೇ ಅಂಗಡಿಗೆ ಕರೆದೊಯ್ಯಿರಿ. ಅಳತೆ ತಪ್ಪಿದ ಒಳ್ಳೆಯ ಹೆಲ್ಮೆಟ್ ಬಿದ್ದಾಗ ತಲೆಯಿಂದ ಹಾರಿಹೋಗುತ್ತದೆ.

ಹುಬ್ಬಿನಿಂದ ಎರಡೂವರೆ ಸೆಂ.ಮೀ. ಮೇಲೆ ಟೇಪು ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ. 56, 58, 60 ಎಂಬ ಸಂಖ್ಯೆಗಳು ಇದೇ ಸೆಂ.ಮೀ. ಲೆಕ್ಕ. ಹಾಕಿದ ಮೇಲೆ ಹೆಲ್ಮೆಟ್ ಹಿಡಿದು ಎಡಬಲ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಎಳೆದುಕೊಳ್ಳಬೇಕು. ಪಟ್ಟಿ ಬಿಗಿದು, ಹಿಂಭಾಗದಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿ: ಕಳಚಿ ಬಂದರೆ ಅದು ಬೇಡ. ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ಹೋದರೆ ಸಾಕು. ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಓಡಾಡಲಿ. ತೆಗೆದಾಗ ಹಣೆ ಮೇಲೆ ಒಂದೇ ಕಡೆ ಕೆಂಪು ಗುರುತು ಬಿದ್ದಿದ್ದರೆ ಆ ಆಕಾರ ಅವನ ತಲೆಗಲ್ಲ.

ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂದೂ, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಐಎಸ್‌ಐ ಸ್ಟಿಕರ್ ಯಾರು ಬೇಕಾದರೂ ಅಂಟಿಸುತ್ತಾರೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದೆಂದು ತೋರಿಸುತ್ತದೆ. ಗದ್ದ ಮುಚ್ಚುವ ಫುಲ್ ಫೇಸ್‌ನದೇ ಕೊಡಿಸಿ, ಗಾಜು ಬಣ್ಣವಿಲ್ಲದ್ದೇ ಇರಲಿ. ಕಪ್ಪು ಗಾಜಿನಲ್ಲಿ ಸಂಜೆ ಆರರ ಮೇಲೆ ಹಂಪ್ಸ್ ಕಾಣುವುದಿಲ್ಲ. ಒಳಗಿನ ಥರ್ಮೋಕೋಲ್‌ನಂಥ ಪದರ ಪೆಟ್ಟನ್ನು ತಾನು ಕುಸಿದು ನುಂಗುತ್ತದೆ, ಒಮ್ಮೆ ಕುಸಿದರೆ ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರೂ ಕಾಣದಿದ್ದರೂ ಬಿದ್ದ ಹೆಲ್ಮೆಟ್ ಬದಲಿಸಲೇಬೇಕು. ರಸ್ತೆಬದಿಯ ಟೋಪಿಗಳಲ್ಲಿ ಎಷ್ಟೋ ಬಾರಿ ಆ ಪದರದ ಜಾಗದಲ್ಲಿ ಬರೀ ಸ್ಪಂಜು ಇರುತ್ತದೆ.

ಪ್ರಶ್ನೆ: ಮಗ ಗೆಳೆಯರ ಜೊತೆ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋಗುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡದಿದ್ದರೆ ನನಗೆ ಜೀವ ನಿಲ್ಲುವುದಿಲ್ಲ. ಎತ್ತದಿದ್ದರೆ ಜಗಳ.
– ತಾಯಿ, ಬನಶಂಕರಿ

ಉತ್ತರ: ಎತ್ತದಿರುವ ಮಗ ಸರಿಯಾಗಿ ಓಡಿಸುತ್ತಿದ್ದಾನೆ. ಜೇಬಿನಲ್ಲಿ ಫೋನು ನಡುಗುತ್ತಿದ್ದರೆ ಅಮ್ಮನ ಜಗಳ ನೆನಪಾಗಿ ಒಂದು ಕೈ ಅತ್ತ ಹೋಗುವುದೇ ಅಪಾಯ. ಹೊರಡುವಾಗ ಒಂದು ಮೆಸೇಜು, ತಲುಪಿದ ಮೇಲೆ ಒಂದು, ವಾಪಸ್ ಹೊರಟಾಗ ಒಂದು ಎಂದು ಗೊತ್ತು ಮಾಡಿಕೊಳ್ಳಿ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ 8 ಗಂಟೆಯ ಲೈವ್ ಲೊಕೇಷನ್ ಹಾಕಿ ಹೋಗಲಿ.

ಫೋನಿಗಿಂತ ಹೊರಡುವ ಹೊತ್ತನ್ನು ನೋಡಿ. ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ಬಿಡುವುದಿಲ್ಲವೆಂದು 2022ರಲ್ಲೇ ಆದೇಶವಾಗಿದೆ, ಆ ದಾರಿ ನಂಬಿಕೊಂಡು ನಾಲ್ಕಕ್ಕೆ ಹೊರಡುವಂತಿಲ್ಲ. ರಾತ್ರಿಯಿಡೀ ಎಚ್ಚರವಿದ್ದು ಹಾಗೇ ಹೊರಡುವುದಾದರೆ ಅದಕ್ಕೆ ಮಾತ್ರ ಕಡ್ಡಿ ಮುರಿದಂತೆ ‘ಇಲ್ಲ’ ಅನ್ನಿ. ಬಳ್ಳಾರಿ ರಸ್ತೆಯ ನೇರ ಹಾದಿಯಲ್ಲಿ ನಿದ್ದೆ ಬರುವುದು ವಾಪಸ್ ಬರುವಾಗ. ಬೆಟ್ಟದ ಮೇಲೆ ಮಂಜಿರುತ್ತದೆ, ಹೆಲ್ಮೆಟ್ ಗಾಜಿನ ಒಳಬದಿಗೆ ಉಸಿರಿನ ಆವಿ ಕಟ್ಟಿಕೊಳ್ಳುತ್ತದೆ, ಗಾಜನ್ನು ಚೂರು ತೆರೆದಿಡಬೇಕು. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ತಡೆಯಲಿ, ಬ್ರೇಕ್ ಹಿಡಿದೇ ಇಳಿದರೆ ಕಾದು ಹಿಡಿತ ತಪ್ಪುತ್ತದೆ. ಗುಂಪಿನಲ್ಲಿ ಹೊಸಬ ಎರಡನೆಯವನಾಗಿರಬೇಕು. ಕೊನೆಯಲ್ಲಿದ್ದರೆ ಮುಂದಿನವರನ್ನು ಹಿಡಿಯಲು ತನ್ನ ಅಳತೆ ಮೀರಿ ಓಡಿಸುತ್ತಾನೆ.

ಇನ್ನೊಂದು ಒಪ್ಪಂದ ಮಾಡಿಕೊಳ್ಳಿ: ಮಳೆ ಬಂತು, ಸುಸ್ತಾಯಿತು, ಯಾರೋ ಕುಡಿದಿದ್ದಾರೆ, ಏನೇ ಆದರೂ ಬೈಕನ್ನು ಅಲ್ಲೇ ಬಿಟ್ಟು ಕ್ಯಾಬಿನಲ್ಲಿ ಬರಬಹುದು. ದುಡ್ಡು ನಿಮ್ಮದು, ಬೈಗುಳ ಮಾರನೇ ದಿನಕ್ಕೆ. ಫೋನಿನ ಲಾಕ್ ಸ್ಕ್ರೀನಿನಲ್ಲಿ ರಕ್ತದ ಗುಂಪು, ನಿಮ್ಮ ನಂಬರು ಕಾಣುವಂತಿರಲಿ. ಗೆಳೆಯರೆಲ್ಲರಿಗೂ ಇದೊಂದು ತಿಳಿದಿರಲಿ: ಯಾರಾದರೂ ಬಿದ್ದರೆ ಮೊದಲು 108ಕ್ಕೋ 112ಕ್ಕೋ ಫೋನು. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬಾರದು, ಗಾಜು ಮಾತ್ರ ಮೇಲೆತ್ತಿ, ತಲೆ ಅಲುಗದಂತೆ ಹಿಡಿದು ಕಾಯಬೇಕು.