80 ವಿದ್ಯಾರ್ಥಿಗಳ ಆನ್‌ಲೈನ್ ಕೋರ್ಸ್‌ನಲ್ಲಿ ಹಿಂದೆ ಬೀಳುವವರನ್ನು ಲಾಗಿನ್ ಡೇಟಾದಿಂದ ಗುರುತಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಈ ಹುಚ್ಚು ನನಗೂ ಹಿಡಿದಿತ್ತು. 2020, ಲಾಕ್‌ಡೌನ್, ಎಂ.ಕಾಂ. ತರಗತಿ, 62 ಜನ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ‘ಕೋರ್ಸ್ ಸಿಗ್ನಲ್ಸ್’ ಬಗ್ಗೆ ಓದಿದ್ದೆ. ಹಿಂದೆ ಬೀಳುವ ಅಪಾಯ ಎಷ್ಟು ಅಂತ ವಿದ್ಯಾರ್ಥಿಗೆ ಕೆಂಪು, ಹಳದಿ, ಹಸಿರು ದೀಪ ತೋರಿಸುತ್ತಿದ್ದ ವ್ಯವಸ್ಥೆ ಅದು. ನಾನೂ ನಮ್ಮ ಆನ್‌ಲೈನ್ ಪಾಠದ ತಾಣ ಮೂಡಲ್‌ನಿಂದ ಯಾರು ಯಾವಾಗ ಬಂದರು ಅನ್ನುವ ಲಾಗ್ ಇಳಿಸಿ ಎಕ್ಸೆಲ್‌ನಲ್ಲಿ ಬಣ್ಣ ಹಚ್ಚಿದೆ. ವಾರಕ್ಕೆ ಮೂರು ಲಾಗಿನ್ ಇಲ್ಲದವರೆಲ್ಲ ಕೆಂಪು.

ಉತ್ತರ ಕನ್ನಡದ ಜೋಯಿಡಾ ಕಡೆಯ ಒಬ್ಬ ಹುಡುಗಿ ಐದು ವಾರವೂ ಕೆಂಪು. ‘ನಿಮಗೆ ಓದಿನಲ್ಲಿ ಆಸಕ್ತಿ ಇದ್ದಂತಿಲ್ಲ’ ಅಂತ ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಅವಳು ಪರೀಕ್ಷೆ ಫೀಸನ್ನೂ ಕಟ್ಟಲಿಲ್ಲ.

ಆಮೇಲೆ ಅವಳ ಗೆಳತಿ ನೋಟ್ಸಿನ ಫೋಟೋ ಕಳಿಸಿದಳು. ಕಾಸ್ಟಿಂಗ್ ಲೆಕ್ಕಗಳು, ಪುಟದ ತುಂಬಾ. ಅಂಚಿನಲ್ಲಿ ಪೆನ್ಸಿಲಿನಿಂದ ‘ಸರ್‌ನ ಕೇಳಬೇಕು’ ಅಂತ ಮೂರು ಕಡೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಭಾನುವಾರ ಗುಡ್ಡ ಹತ್ತಿ ವಾರದ ಪಿಡಿಎಫ್ ಎಲ್ಲ ಒಟ್ಟಿಗೆ ಇಳಿಸಿಕೊಂಡು ಬರುತ್ತಿದ್ದಳಂತೆ.

ನನ್ನ ಲೆಕ್ಕದಲ್ಲಿ ಅದು ಒಂದೇ ಲಾಗಿನ್! ಫೋನಿಗೆ ಇಳಿದ ಪಿಡಿಎಫನ್ನು ಅವಳು ರಾತ್ರಿಯಿಡೀ ಓದಿದರೂ ಮೂಡಲ್‌ಗೆ ಗೊತ್ತಾಗುವುದಿಲ್ಲ. ಅದು ಬರೆದಿಡುವುದು ಕ್ಲಿಕ್ಕನ್ನು ಮಾತ್ರ. ದಿನಾ ಹತ್ತು ಸಲ ಕ್ಲಿಕ್ಕಿಸಿ ನಿದ್ದೆ ಹೋಗುತ್ತಿದ್ದ ಹುಡುಗನೊಬ್ಬ ಕೊನೆವರೆಗೂ ಹಸಿರು, ಪರೀಕ್ಷೆಯಲ್ಲಿ ಫೇಲು. ಅಂದರೆ ನಾನು ಅಳೆದಿದ್ದು ಯಾರ ಮನೆಯಲ್ಲಿ ವೈಫೈ ಇದೆ ಅನ್ನುವುದನ್ನು. ಅದರ ಮೇಲೆ, ನೆಟ್‌ವರ್ಕ್ ಇಲ್ಲದವಳಿಗೆ ಮೇಲ್ ಹಾಕುವ ಬುದ್ಧಿವಂತಿಕೆ ಬೇರೆ.

ಸಿಗ್ನಲ್ಸ್‌ನಿಂದ ಹೆಚ್ಚು ಹುಡುಗರು ಕಾಲೇಜು ಬಿಡದೆ ಉಳಿದರು ಅನ್ನುವ ಪರ್ಡ್ಯೂ ಲೆಕ್ಕದ ಮೇಲೂ 2013ರಲ್ಲೇ ತಕರಾರು ಎದ್ದಿತ್ತು. ಸಿಗ್ನಲ್ಸ್ ಇರುವ ಕೋರ್ಸ್ ಜಾಸ್ತಿ ತೆಗೆದುಕೊಂಡಿದ್ದಕ್ಕೆ ಹುಡುಗರು ಕಾಲೇಜಿನಲ್ಲಿ ಉಳಿದರೋ, ಉಳಿದಿದ್ದಕ್ಕೆ ಅಂಥ ಕೋರ್ಸ್ ಜಾಸ್ತಿಯಾದವೋ ಅಂತ. ನಾನದನ್ನು ಓದಿದ್ದು ತಡವಾಗಿ.

ಅದಕ್ಕೇ ಹೇಳ್ತೀನಿ, 80 ಜನಕ್ಕೆ ಸಾಫ್ಟ್‌ವೇರ್ ಯಾಕೆ? ಸುಮ್ನೆ ದುಡ್ಡು ದಂಡ. ಎರಡನೇ ವಾರದೊಳಗೆ ಒಂದು ಸಣ್ಣ ಅಸೈನ್‌ಮೆಂಟ್ ಕೊಡಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೂ ತಗೊಳ್ಳಿ. ಕೊಡದವರು ಹತ್ತೋ ಹದಿನೈದೋ ಇರುತ್ತಾರೆ, ಅಷ್ಟೇ ಅಲ್ವಾ? ಸಂಜೆ ಕೂತು ಫೋನ್ ಮಾಡಿ. ಅಪ್ಪ ಎತ್ತಿದರೆ ವರದಿ ಒಪ್ಪಿಸಬೇಡಿ, ‘ಮಗಳಿಗೆ ಕೊಡಿ’ ಅನ್ನಿ ಸಾಕು.