ಒಡ್ಡಿನ ಮೇಲಿನ ಲಾವಂಚ: ಬೇರು ಕೀಳಬೇಕೋ, ಬಿಡಬೇಕೋ?

ಪ್ರಶ್ನೆ: ನವಲಗುಂದ ಕಡೆ ನಮ್ಮದು 4 ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ದೊಡ್ಡ ಮಳೆಯಾದಾಗೆಲ್ಲ ಒಡ್ಡು ಒಡೆಯುತ್ತದೆ. ಲಾವಂಚ ಹಚ್ಚಿದರೆ ಒಡ್ಡೂ ನಿಲ್ಲುತ್ತದೆ, ಬೇರು ಮಾರಿ ರೊಕ್ಕನೂ ಬರುತ್ತದೆ ಅಂತ ಪರಿಚಯದವರು ಸಸಿ ಕೊಟ್ಟಿದ್ದಾರೆ. ಆದರೆ ಎಲೆ ತಿಕ್ಕಿ ಮೂಸಿದರೆ ಏನೂ ವಾಸನೆ ಇಲ್ಲ. ಇದು ಲಾವಂಚ ಹೌದೋ ಅಲ್ಲವೋ? ಕರಕಿ ಹಾಗೆ ಹೊಲಕ್ಕೆಲ್ಲ ಹಬ್ಬಿಬಿಟ್ಟರೆ?

ಉತ್ತರ: ಎಲೆಗೆ ವಾಸನೆ ಇಲ್ಲ ಅಂತ ಗಾಬರಿಯಾಗಬೇಡಿ. ಲಾವಂಚದ ಎಣ್ಣೆ ಇರುವುದು ಬೇರಿನಲ್ಲಿ. ಎಲೆ ತಿಕ್ಕಿದಾಗ ನಿಂಬೆ ವಾಸನೆ ಬಂದಿದ್ದರೆ ಆಗ ಅನುಮಾನ ಪಡಬೇಕಿತ್ತು, ಅದು ಮಜ್ಜಿಗೆಹುಲ್ಲು. ಬುಡದ ಪಕ್ಕ ಸ್ವಲ್ಪ ಕೆದರಿ ನಾಲ್ಕು ಎಳೆ ಬೇರು ಕತ್ತರಿಸಿಕೊಳ್ಳಿ, ಮಣ್ಣು ತೊಳೆದು ನೆರಳಲ್ಲಿ ಒಣಗಿಸಿ, ಮೇಲೆ ಒಂಚೂರು ನೀರು ಚಿಮುಕಿಸಿ ಮೂಸಿ. ಮೊದಲ ಮಳೆಗೆ ನೆಲದಿಂದ ಏಳುವಂಥ ಘಮ ಬರುತ್ತದೆ. ತೀರಾ ಎಳೆ ಸಸಿಯಾದರೆ ಅದೂ ಕಡಿಮೆಯೇ, ಬೇರು ಬಲಿಯಬೇಕು.

ಹಬ್ಬುವ ಭಯವೂ ಬೇಡ. ಕರಕಿ ನೆಲದ ಮೇಲೆ ಬಳ್ಳಿ ಬಿಡುತ್ತದೆ, ನೆಲದೊಳಗೂ ಹರಿಯುತ್ತದೆ. ಲಾವಂಚ ಎರಡನ್ನೂ ಮಾಡುವುದಿಲ್ಲ, ನಿಂತಲ್ಲೇ ಕಂಟಿ ದಪ್ಪವಾಗುತ್ತದೆ ಅಷ್ಟೇ. ಉತ್ತರ ಭಾರತದ ಕಾಡು ಜಾತಿ ಬೀಜ ಕಟ್ಟಿ ಹರಡುವುದುಂಟು. ನಮ್ಮ ದಕ್ಷಿಣದಲ್ಲಿ ಬೆಳೆಸುವ ಜಾತಿ ಹೂ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದು ಬಲು ಅಪರೂಪ, ಅದಕ್ಕೇ ಎಲ್ಲರೂ ಬುಡ ಸೀಳಿಯೇ ಹಚ್ಚುವುದು. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಇದನ್ನು ಹೊಲದ ಬದುವಿಗೆ ಹಾಕುತ್ತ ಬಂದಿದ್ದಾರೆ. ವಿಶ್ವ ಬ್ಯಾಂಕಿನ ತಜ್ಞರು ಊರೂರಿಗೆ ಇದರ ಗುಣ ಸಾರಲು ಶುರು ಮಾಡಿದ್ದು 1980ರ ದಶಕದಲ್ಲಿ, ನಮ್ಮವರು ಅದಕ್ಕೂ ಎಷ್ಟೋ ಮೊದಲು!

ಈಗ ರೊಕ್ಕದ ಮಾತು. ಇಲ್ಲಿ ನಿಮ್ಮ ಪರಿಚಯದವರು ಅರ್ಧ ಮಾತ್ರ ಹೇಳಿದ್ದಾರೆ. ಈ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಸಡಿಲ ಮಣ್ಣಿನಲ್ಲಿ 3 ಮೀಟರ್ ತನಕ ಹೋಗುತ್ತದೆ, ಒಡ್ಡನ್ನು ಹಿಡಿದಿಡುವುದೂ ಅದೇ. ಮಾರಬೇಕೆಂದರೆ ಒಂದೂವರೆ ವರ್ಷಕ್ಕೆ ಇಡೀ ಕಂಟಿಯನ್ನು ಅಗೆದು ತೆಗೆಯಬೇಕು, ಅಂದರೆ ನೀವೇ ಗುದ್ದಲಿ ಹಿಡಿದು ಒಡ್ಡು ಒಡೆದಂತಾಯಿತು ಅಲ್ವಾ? ಮೇಲಾಗಿ ಬೇಸಿಗೆಯಲ್ಲಿ ಎರಿ ನೆಲ ಕಲ್ಲಾಗುತ್ತದೆ, ಅಗೆದರೆ ಬೇರು ತುಂಡಾಗುತ್ತದೆ, ಕೂಲಿಯೂ ಹುಟ್ಟುವುದು ಕಷ್ಟ. ಬೇರಿಗಾಗಿ ಬೆಳೆಯುವವರು ಮರಳು ಮಿಶ್ರಿತ ಮಣ್ಣು ಹುಡುಕುವುದು ಸುಮ್ನೆ ಅಲ್ಲ.

ಹಾಗಾಗಿ ಒಡ್ಡಿನ ಸಾಲನ್ನು ಒಡ್ಡಿಗೇ ಬಿಟ್ಟುಬಿಡಿ. ಮಳೆ ಹಿಡಿದ ಮೇಲೆ, ಜೂನ್-ಜುಲೈನಲ್ಲಿ, ಬುಡ ಸೀಳಿ ತೆಗೆದ ಎರಡು ಮೂರು ಕಂದು ಸೇರಿಸಿ ಗೇಣಿಗಿಂತ ಹತ್ತಿರ ಹಚ್ಚಿ. ಮೊದಲ ವರ್ಷ ಸತ್ತ ಕಡೆ ತಪ್ಪದೆ ಮರುನಾಟಿ ಮಾಡಿ, ಒಂದು ಸಂದು ಉಳಿದರೂ ನೀರು ಅಲ್ಲೇ ನುಗ್ಗುತ್ತದೆ. ಸಾಲು ಕೂಡಿಕೊಂಡ ಮೇಲೆ ನೋಡಿ: ನೀರು ಜಿನುಗಿ ದಾಟುತ್ತದೆ, ಮಣ್ಣು ಹಿಂದೆ ಕೂರುತ್ತದೆ, ಕೂತ ಮಣ್ಣು ಬುಡ ಮುಚ್ಚಿದರೆ ಗೆಣ್ಣಿನಿಂದ ಹೊಸ ಬೇರು ಬಿಟ್ಟು ಕಂಟಿಯೂ ಮೇಲೇರುತ್ತದೆ. ಬೇರೂರಿದ ಮೇಲೆ ಬರ, ನಿಂತ ನೀರು ಎರಡನ್ನೂ ತಾಳಿಕೊಳ್ಳುತ್ತದೆ. ಬೆಂಕಿ ಬಿದ್ದರೂ, ದನ ಮೇಯ್ದರೂ ಮತ್ತೆ ಚಿಗುರುತ್ತದೆ. ತಾಳದ್ದು ನೆರಳು. ಜಾಲಿಮರದ ಕೆಳಗೆ ಹಚ್ಚಿದ್ದು ಬಡಕಲಾಗಿ ಸಾಯುತ್ತದೆ, ಅಲ್ಲಿ ಟೊಂಗೆ ಸವರಿ. ಬೆಣ್ಣಿಹಳ್ಳ ಉಕ್ಕಿ ಬರುವಂಥ ಪ್ರವಾಹದ ಮುಂದೆ ಮಾತ್ರ ಎಳೆ ಸಾಲು ನಿಲ್ಲುವುದಿಲ್ಲ, ಪ್ರತಿ ಸಲ ಒಡೆಯುವ ಜಾಗಕ್ಕೆ ಮೊದಲು ಕಲ್ಲು ಕಟ್ಟಿಸಿ.

ಎಲೆಯನ್ನು ಆಗಾಗ ಮೊಣಕಾಲೆತ್ತರಕ್ಕೆ ಕತ್ತರಿಸಿ. ಎಳೆಯದನ್ನು ದನ ತಿನ್ನುತ್ತವೆ, ಬಲಿತದ್ದನ್ನು ಮೂಸಿ ಬಿಡುತ್ತವೆ. ಕುಡಿಯುವ ನೀರಿನ ಗಡಿಗೆಗೆ ಬೇರು ಬೇಕೆನಿಸಿದರೆ ಹಿತ್ತಲಲ್ಲಿ ಗೊಬ್ಬರದ ಹಳೇ ಚೀಲವನ್ನು ಚೆನ್ನಾಗಿ ತೊಳೆದು, ಮರಳು ಮಣ್ಣು ತುಂಬಿ ಎರಡು ಕಂಟಿ ಬೇರೆ ಹಚ್ಚಿಕೊಳ್ಳಿ. ಬೇರು ಬಲಿತಾಗ ಚೀಲ ಹರಿದರೆ ಆಯಿತು, ಗುದ್ದಲಿ ಬೇಡ.